ಒಂದೇ ಮನೆಗೆ ವರ್ಷಕ್ಕೆರಡು ಸಲ: ಶರಾವತಿ ಹಿನ್ನೀರಲ್ಲಿ ನಮ್ಮ ರಜೆ

ಬೆಳಿಗ್ಗೆ ಪೇಪರ್ ಬಂದ ಕೂಡ್ಲೇ ನಾನು ಮೊದ್ಲು ನೋಡುದು ಜಲಾಶಯಗಳ ಮಟ್ಟ ಹಾಕ್ತಾರಲ್ಲ, ಆ ಸಣ್ಣ ಕಾಲಂ. ನಮ್ಮ ಮನೆ ಇರುದು ಉಡುಪಿಯಲ್ಲಿ, ಗಾಳಿ ಜೋರಾದ್ರೆ ಸಮುದ್ರದ ಸದ್ದು ಕೇಳ್ತದೆ, ಕೆಲಸ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಟೀಚರ್, ಶರಾವತಿಯ ಲಿಂಗನಮಕ್ಕಿ ಡ್ಯಾಮಲ್ಲಿ ನೀರೆಷ್ಟುಂಟು ಅಂತ ನಿನಗೆ ಗೊತ್ತಾಗಿ ಎಂತ ಆಗ್ಬೇಕು ಅಂತ ಸುರುಸುರುವಿಗೆ ಮನೆಯವ್ರು ಕೇಳ್ತಿದ್ರು. ಈಗ ಅವ್ರೇ ಚಾ ಕುಡೀತಾ "ಇವತ್ತೆಷ್ಟು?" ಅಂತಾರೆ. ಪೂರ್ತಿ ತುಂಬಿದ್ರೆ 1819 ಅಡಿ. ಇದು ನೀರಿನ ಆಳ ಅಲ್ಲ, ಸಮುದ್ರ ಮಟ್ಟದಿಂದ ಲೆಕ್ಕ, ತುಂಬಾ ಜನಕ್ಕೆ ಇದು ಗೊತ್ತಿರುದಿಲ್ಲ. 1810 ದಾಟಿತು ಅಂದ್ರೆ ನಾವು ಉಳ್ಕೊಳ್ಳುವ ಮನೆಯ ಗದ್ದೆ ಬದುವಿನ ತನಕ ನೀರು ಬಂದಿರ್ತದೆ, ಮೇ ತಿಂಗಳಲ್ಲಿ 1760ರ ಆಚೀಚೆ ಇಳೀತು ಅಂದ್ರೆ ಅದೇ ಬದುವಿನಿಂದ ಕೆಳಗೆ ಚಪ್ಪಲಿ ಹಾಕ್ಕೊಂಡು ನಡ್ಕೊಂಡೇ ಹೋಗ್ಬಹುದು. ಈ ಎರಡನ್ನೂ ನೋಡ್ಬೇಕು ಅಂತಲೇ ನಾವು ವರ್ಷಕ್ಕೆರಡು ಸಲ ಹೋಗುದು, ಒಂದು ದಸರಾ ರಜೆಯಲ್ಲಿ, ಒಂದು ಬೇಸಗೆ ರಜೆಯಲ್ಲಿ, ಅದೇ ಊರು, ಅದೇ ಮನೆ.

ಹನ್ನೊಂದು ವರ್ಷದಿಂದ ಒಂದೇ ಕಡೆ ಹೋಗ್ತೀರಲ್ಲ ಬೇಜಾರಾಗುದಿಲ್ವಾ ಅಂತ ಸ್ಟಾಫ್ ರೂಮಲ್ಲಿ ಪ್ರತಿ ರಜೆಗೂ ಕೇಳ್ತಾರೆ. ಕೆಲವ್ರು ನಂಬರ್ ಕೊಡಿ ನಾವೂ ಹೋಗ್ತೇವೆ ಅಂತಾರೆ, ಒಂದು ರಾತ್ರಿಗೆ ಹೋಗಿ ಬಂದು "ಲಾಯ್ಕುಂಟು, ಆದ್ರೆ ನೋಡ್ಲಿಕ್ಕೆ ಎಂತದೂ ಇಲ್ಲ" ಅಂತಾರೆ. ಅವ್ರು ಹೇಳುದು ಸುಳ್ಳಲ್ಲ, ಒಂದು ರಾತ್ರಿಗೆ ಅಲ್ಲಿ ಎಂತದೂ ಕಾಣುದಿಲ್ಲ. ಅದಕ್ಕೇ ನಾವು ಹೇಗೆ ಹೋಗ್ತೇವೆ, ಅಲ್ಲಿ ಎಂತ ಮಾಡ್ತೇವೆ ಅಂತ ಒಮ್ಮೆ ಬಿಡಿಸಿ ಬರೀತೇನೆ.

ಇದು ಸುರು ಆದದ್ದು 2014ರ ದಸರಾ ರಜೆಯಲ್ಲಿ, ಹಿನ್ನೀರು ದಾಟಿಸುವ ಲಾಂಚ್ ತಪ್ಪಿ. ಆಗ ನಮ್ಮದೂ ಎಲ್ರ ಹಾಗೇ ಪ್ಲಾನ್, ಎರಡು ದಿನದಲ್ಲಿ ಕೊಲ್ಲೂರು, ಕೊಡಚಾದ್ರಿ, ಸಿಗಂದೂರು, ಇಕ್ಕೇರಿ, ಕೆಳದಿ, ಜೋಗ. ಕೊಡಚಾದ್ರಿ 1343 ಮೀಟರ್ ಎತ್ತರ, ಜೀಪಲ್ಲಿ ಆ ಕಲ್ಲು ದಾರಿ ಹತ್ತಿ ಇಳಿಯುವಷ್ಟರಲ್ಲಿ ಐದು ವರ್ಷದ ಮಗಳಿಗೆ ವಾಂತಿ, ಅತ್ತೆಗೆ ಸೊಂಟ ನೋವು, ಮೇಲೆ ಸರ್ವಜ್ಞ ಪೀಠದ ಹತ್ರ ನಿಂತ್ರೆ ಮಂಜು ಬಿಟ್ಟು ಬೇರೆ ಕಾಣ್ಲಿಲ್ಲ. ಅಲ್ಲಿಂದ ಓಡಿ ಸಿಗಂದೂರಿಗೆ ಬಂದು, ಚೌಡೇಶ್ವರಿಯ ದರ್ಶನ ಮಾಡಿ, ಕಳಸವಳ್ಳಿಯ ದಡಕ್ಕೆ ಬರುವಾಗ ಕತ್ತಲೆ ಆಗ್ತಾ ಇತ್ತು. ಆಗ ಸೇತುವೆ ಇಲ್ಲ. ಆಚೆ ದಡ ಅಂಬಾರಗೋಡ್ಲು, ಅಲ್ಲಿಂದ ಸಾಗರಕ್ಕೆ ರೋಡು, ಸಾಗರದಲ್ಲಿ ಲಾಡ್ಜ್ ಬುಕ್ ಆಗಿತ್ತು. ದಡದಲ್ಲಿ ನಿಂತಿದ್ದ ಒಬ್ರು "ಲಾಂಚ್ ಹೋತು, ಇನ್ನೇನಿದ್ರೂ ನಾಳೆ ಬೆಳಿಗ್ಗೇನೆ" ಅಂದ್ರು. ಮಳೆ ಬೇರೆ ಸುರು ಆಯ್ತು. ತುಮರಿ ಪೇಟೆಯ ಅಂಗಡಿಯವ್ರೊಬ್ರು ನಮ್ಮ ಅವಸ್ಥೆ ನೋಡಿ, ಮಗು ಇದೆ, ಅಜ್ಜಿ ಇದಾರೆ, ಹಿಂಗ್ ಹೋಗಿ ಅಂತ ಒಂದು ಮನೆಗೆ ಕಳಿಸಿದ್ರು. ಹೋಂಸ್ಟೇ ಅಲ್ಲ, ಬೋರ್ಡಿಲ್ಲ, ಬರೀ ಮನೆ.

ಆ ರಾತ್ರಿಯ ಬಗ್ಗೆ ಜಾಸ್ತಿ ಹೇಳುದಿಲ್ಲ, ಹಂಡೆಯ ಬಿಸಿನೀರಿಗೆ ಹೊಗೆಯ ವಾಸನೆ ಇತ್ತು, ಕಡುಬಿಗೆ ಏಡಿ ಸಾರಿತ್ತು, ಮೀನಿಲ್ಲದೆ ಊಟ ಇಳಿಯದ ನಮ್ಮ ಅತ್ತೆ ಎರಡು ಸಲ ಹಾಕಿಸ್ಕೊಂಡ್ರು. ಹೇಳ್ಬೇಕಾದ್ದು ಬೆಳಿಗ್ಗೆಯದ್ದು. ಬಾಗಿಲು ತೆಗೆದ್ರೆ ಅಂಗಳದ ಕೆಳಗೆ ಗದ್ದೆ, ಗದ್ದೆ ಮುಗಿದಲ್ಲಿಂದ ನೀರು, ನೀರ ಮೇಲೆ ಬಿಳಿ ಮಂಜು ಹಾಸಿದ ಹಾಗೆ ಕೂತಿತ್ತು, ಬಿಸಿಲು ಬಂದ ಹಾಗೆ ಅದು ಒಂದೊಂದೇ ತುಂಡಾಗಿ ಮೇಲೆ ಏಳ್ತಾ ಹೋಯ್ತು, ಅದರ ಹಿಂದಿಂದ ಗುಡ್ಡಗಳು ಒಂದರ ಹಿಂದೆ ಒಂದು ಕಾಣ್ಲಿಕ್ಕೆ ಸುರು ಆಯ್ತು. ದಡದ ಹತ್ರ ನೀರಲ್ಲಿ ಎಲೆ ಇಲ್ಲದ, ಕೊಂಬೆ ಇಲ್ಲದ ಮರದ ಬೊಡ್ಡೆಗಳು, ಒಂದೊಂದರ ಮೇಲೆ ಒಂದೊಂದು ನೀರುಕಾಗೆ ರೆಕ್ಕೆ ಬಿಡಿಸಿ ಕೂತಿದೆ. ಮಗಳು ಆ ಮರ ಯಾಕೆ ನೀರೊಳಗೆ ಹೋದದ್ದು ಅಂತ ಕೇಳಿದ್ಲು. ಜಗಲಿಯಲ್ಲಿ ಕವಳ ಹಾಕ್ತಾ ಇದ್ದ ಮನೆಯ ಅಜ್ಜ ಅವಳನ್ನೇ ನೋಡ್ತಾ ಹೇಳಿದ್ರು, "ಮರ ನೀರಿಗೆ ಹೋಗ್ಲಿಲ್ಲ ಮಗಾ, ನೀರೇ ಮರದ ಹತ್ರ ಬಂತು."

ನಾವು ಜೋಗ ಬಿಟ್ಟೆವು, ಇಕ್ಕೇರಿ ಬಿಟ್ಟೆವು, ಮೂರು ದಿನ ಅಲ್ಲೇ ಇದ್ದೆವು.

ನಾನು ಎಷ್ಟೋ ವರ್ಷದಿಂದ ಮಕ್ಕಳಿಗೆ ನದಿ ಕಣಿವೆ ಯೋಜನೆಗಳ ಪಾಠ ಮಾಡ್ತಾ ಬಂದವಳು. ಶರಾವತಿ ಹುಟ್ಟುದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ, ಲಿಂಗನಮಕ್ಕಿ ಡ್ಯಾಂ ಆದದ್ದು 1964ರಲ್ಲಿ, ಶರಾವತಿ ವಿದ್ಯುದಾಗಾರ 1035 ಮೆಗಾವ್ಯಾಟ್, ಹೊನ್ನಾವರದಲ್ಲಿ ಸಮುದ್ರಕ್ಕೆ ಸೇರ್ತದೆ. ಬೋರ್ಡಲ್ಲಿ ಬರೆಸಿ, ಬಾಯಿಪಾಠ ಮಾಡಿಸಿ, ಪರೀಕ್ಷೆಗೆ ಕೇಳಿದ್ದೇನೆ. ಆ ಅಜ್ಜನ ಜಗಲಿಯಲ್ಲಿ ಕೂತ ಮೇಲೆ ನನಗೆ ಗೊತ್ತಾದದ್ದು 1964 ಅಂದ್ರೆ ಅವರಿಗೆ ಹನ್ನೆರಡು ವರ್ಷ ಅಂತ. ಮುಳುಗಡೆ ಅಂತ ಅವ್ರು ಹೇಳುವಾಗ ಅದೊಂದು ಕಾಲದ ಹೆಸರು, ನಮ್ಮಲ್ಲಿ ಹಿರಿಯವ್ರು ಭೂಮಸೂದೆ ಆದ ವರ್ಷ ಅಂತ ಹೇಳ್ತಾರಲ್ಲ, ಹಾಗೆ. ಮುಳುಗಡೆಗಿಂತ ಮೊದ್ಲು, ಮುಳುಗಡೆ ಆದ ಮೇಲೆ. ಎಷ್ಟೋ ಮನೆಯವ್ರನ್ನು ಸಾಮಾನು ಸಮೇತ ಲಾರಿ ಹತ್ತಿಸಿ ದೂರದ ಕಾಡಿನ ಜಾಗಕ್ಕೆ ಕಳಿಸಿದ್ರು, ಅವ್ರಲ್ಲಿ ಎಷ್ಟೋ ಜನರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಆ ಜಾಗದ ಹಕ್ಕುಪತ್ರಕ್ಕೆ ಓಡಾಡ್ತಾ ಇದ್ದಾರೆ. ಅಜ್ಜನ ಅಪ್ಪ ಹೋಗ್ಲಿಲ್ಲ, ನೀರು ಬಂದ ಹಾಗೆ ಗುಡ್ಡಕ್ಕೆ ಹತ್ತಿ ಅಲ್ಲೇ ಮನೆ ಕಟ್ಟಿದ್ರು. ಈ ನೀರಿಂದ ಆದ ಕರೆಂಟು ಅದೇ ನೀರಿನ ದಡದ ಅವರ ಮನೆಗೆ ಬರ್ಲಿಕ್ಕೆ ಎಷ್ಟೋ ವರ್ಷ ಹಿಡೀತಂತೆ. ನಾನು ಆ ಪಾಠ ಈಗಲೂ ಮಾಡ್ತೇನೆ, ಆದ್ರೆ 1035 ಬರೆಸಿದ ಮೇಲೆ ಇನ್ನೊಂದು ಪೀರಿಯಡ್ ತೆಗೊಳ್ತೇನೆ.

ಮರುವರ್ಷ ಮೇ ತಿಂಗಳಲ್ಲಿ ಹೋದದ್ದು ಅಜ್ಜ ಹೇಳಿದ್ದಕ್ಕೆ. ನೀರಿದ್ದಾಗ ನೋಡಿದ್ರಿ, ಇಲ್ದಾಗ ಬನ್ನಿ ಟೀಚರಮ್ಮ, ಆಗ ಊರು ತೋರಿಸ್ತೀನಿ ಅಂದಿದ್ರು. ಅತ್ತೆ ಸುರುವಿಗೆ ಒಪ್ಲಿಲ್ಲ, "ನೀರಿಪ್ಪತಿಗೆ ಕಂಡಾಯ್ತಲೆ, ಒಣಗಿದ್ ಹೊಳಿ ಕಾಂಬುಕೆ ಅಷ್ಟ್ ದೂರ ಹೋಯ್ಕಾ ಮಾರಾಯ್ತಿ?" ಅಂದ್ರು, ಅವ್ರು ಕುಂದಾಪುರ ಕಡೆಯವ್ರು. ಆದ್ರೂ ಬಂದ್ರು.

ಮೇಯಲ್ಲಿ ಆ ಜಾಗ ಬೇರೆಯೇ. ಅಕ್ಟೋಬರಲ್ಲಿ ನೀಲಿ ಇದ್ದದ್ದೆಲ್ಲ ಈಗ ಕೆಂಪು, ಬೂದು, ನೀರಿನ ಅಂಚಲ್ಲಿ ಮಾತ್ರ ಹೊಸ ಹುಲ್ಲು ಎಳೇ ಹಸುರು. ಗುಡ್ಡದ ಬುಡದ ಸುತ್ತ ನೀರು ಇಳಿದ ಗುರುತು ಗೆರೆ ಗೆರೆಯಾಗಿ ಮೆಟ್ಟಿಲ ಹಾಗೆ ಕಾಣ್ತದೆ, ಎಷ್ಟೆಷ್ಟು ದಿನ ಎಲ್ಲೆಲ್ಲಿ ನಿಂತಿತ್ತು ಅಂತ ಎಣಿಸ್ಬಹುದು. ಬೆಳಿಗ್ಗೆ ಆರಕ್ಕೇ ಅಜ್ಜ ಒಂದು ಕತ್ತಿ, ಒಂದು ಅಡಿಕೆ ದಬ್ಬೆ ಹಿಡ್ಕೊಂಡು ಹೊರಟ್ರು. ದಬ್ಬೆ ಯಾಕೆ ಅಂತ ನಮಗೆ ಆಗ ಅರ್ಥ ಆಗ್ಲಿಲ್ಲ. ಒಂದು ಹಳೇ ಗಾಡಿ ದಾರಿ, ಎರಡೂ ಕಡೆ ಕಲ್ಲು ಇಟ್ಟದ್ದು ಹಾಗೇ ಇದೆ, ಅದು ನೇರ ನೀರಿಗೆ ಇಳ್ಕೊಂಡು ಹೋಗಿ ಕಾಣೆ ಆಗ್ತದೆ. ದಾರಿ ಬದಿ ಮರದ ಬುಡಗಳು, ಬೇರೆಲ್ಲ ಮಣ್ಣು ತೊಳೆದು ಹೋಗಿ ಮೇಲೆದ್ದು ಜೇಡರ ಕಾಲಿನ ಹಾಗೆ ನಿಂತಿವೆ, ಐವತ್ತು ವರ್ಷ ನೀರಲ್ಲಿದ್ರೂ ಕತ್ತಿಯಲ್ಲಿ ಕಡಿದ್ರೆ ಒಳಗೆ ಕೆಂಪು ತಿರುಳು. ಸ್ವಲ್ಪ ಮುಂದೆ ಹೋಗಿ ಅಜ್ಜ ನಿಂತ್ರು. ಚೌಕಾಕಾರದ ಕಲ್ಲಿನ ಅಡಿಪಾಯ, ಒಂದು ಕಡೆ ಮೆಟ್ಟಿಲು ಎರಡು, ಮೂಲೆಯಲ್ಲಿ ಒಂದು ಒರಳು ಮಣ್ಣಲ್ಲಿ ಅರ್ಧ ಹೂತು ಅದರ ಗುಳಿಯಲ್ಲಿ ಅಂಗೈಯಷ್ಟು ನೀರು, ಆ ನೀರಲ್ಲಿ ಮೂರು ಸಣ್ಣ ಮೀನಿನ ಮರಿ. ಅಜ್ಜ ಚಪ್ಪಲಿ ಬಿಟ್ಟು ಒಳಗೆ ಹೋದ್ರು. ಅದು ನೋಡಿ ನಾವೂ ಬಿಟ್ಟೆವು. ಇಲ್ಲಿ ಜಗಲಿ, ಇಲ್ಲಿ ನಡುಮನೆ, ಇಲ್ಲಿ ಅಮ್ಮ ಒಲೆ ಹಚ್ತಿದ್ರು ಅಂತ ಕೈ ತೋರಿಸ್ತಾ ಹೋದ್ರು. ಅತ್ತೆ ಒರಳಿನ ಹತ್ರ ಕೂತು ಮೀನಿನ ಮರಿಗಳನ್ನು ಸೆರಗಲ್ಲಿ ಹಿಡ್ದು ಕೆಳಗೆ ನೀರಿರುವಲ್ಲಿಗೆ ಹೋಗಿ ಬಿಟ್ಟು ಬಂದ್ರು. ಆಮೇಲೆ ಒಣಗಿದ ಹೊಳೆ ಅಂತ ಅವ್ರು ಒಮ್ಮೆಯೂ ಹೇಳ್ಲಿಲ್ಲ.

ಆ ದಿನವೇ ದಬ್ಬೆ ಯಾಕೆ ಅಂತಲೂ ಗೊತ್ತಾಯ್ತು. ವಾಪಸ್ ಬರುವಾಗ ಮಗಳು ನೀರಿನ ಅಂಚಿಗೆ ಓಡಿದ್ಲು. ಮೇಲೆ ನೋಡ್ಲಿಕ್ಕೆ ಮಣ್ಣು ಒಣಗಿ ಬಿರುಕು ಬಿಟ್ಟದ್ದು, ಗಟ್ಟಿ ಇದ್ದ ಹಾಗೇ ಕಾಣ್ತದೆ, ಆದ್ರೆ ಆ ಪದರದ ಅಡಿಯಲ್ಲಿ ಮೆತ್ತನೆ ಹೂಳು. ನಾಲ್ಕು ಹೆಜ್ಜೆ ಹೋದವಳು ಮೊಣಕಾಲು ತನಕ ಹೂತಳು, ಕಾಲು ಎಳೆದಷ್ಟೂ ಕೆಳಗೆ ಹೋಗ್ತದೆ, ನಾನು ಓಡ್ಲಿಕ್ಕೆ ಹೋದೆ, ಅಜ್ಜ ನನ್ನ ಕೈ ಹಿಡಿದು ಹಿಂದೆ ಎಳೆದ್ರು. ದಬ್ಬೆಯನ್ನು ಕೆಸರ ಮೇಲೆ ಉದ್ದಕ್ಕೆ ಹಾಸಿ, ಮಗಾ ಎಳೀಬೇಡ, ಅದರ ಮೇಲೆ ಹೊಟ್ಟೆ ಹಾಕಿ ಮಲಕ್ಕೋ ಅಂದ್ರು. ಮಲಗಿದ ಮೇಲೆ ಒಂದೊಂದೇ ಕಾಲು ಬಂತು, ಒಂದು ಚಪ್ಪಲಿ ಅಲ್ಲೇ ಉಳೀತು. ನನ್ನ ಕೈ ಅರ್ಧ ಗಂಟೆ ನಡುಗ್ತಾ ಇತ್ತು. ಅವತ್ತು ಅವ್ರು ಹೇಳಿಕೊಟ್ಟದ್ದು ಯಾರೇ ಹಿನ್ನೀರಿಗೆ ಹೋದ್ರೂ ಗೊತ್ತಿರ್ಬೇಕು: ದನ ನಡೆದ ಹೆಜ್ಜೆ ಇರುವಲ್ಲಿ ಮಾತ್ರ ನಡೀಬೇಕು, ದನದ ಗೊರಸಿನ ಗುರುತು ಎಲ್ಲಿ ನಿಲ್ತದೋ ಅಲ್ಲಿಗೇ ನಾವೂ ನಿಲ್ಬೇಕು.

ತುಂಬಿದಾಗಲೂ ಅಷ್ಟೇ, ಈಜ್ಲಿಕ್ಕೆ ಇಳಿಯುದೇ ಬೇಡ. ಸಮುದ್ರದ ಊರಿನವ್ರು ನಮಗೆ ನೀರಿನ ಹೆದರಿಕೆ ಇಲ್ಲ ಅಂತ ಇಳೀತಾರೆ, ಆದ್ರೆ ಇದು ಅಲೆ ಇಲ್ಲದ ಹಾಗೆ ಕಾಣುವ ನೀರು, ಅಡಿಯಲ್ಲಿ ಎಂತ ಇದೆ ಅಂತ ಮೇಲಿಂದ ಅಂದಾಜೇ ಸಿಗುದಿಲ್ಲ. ಮೇಯಲ್ಲಿ ಒಮ್ಮೆ ಆ ಬೊಡ್ಡೆ, ಆ ಹೊಂಡ, ಕಡಿದು ಹೋದ ದರೆ ಎಲ್ಲ ಕಣ್ಣಾರೆ ನೋಡಿದವ್ರು ಅಕ್ಟೋಬರಲ್ಲಿ ಅದರ ಮೇಲೆ ಇಳಿಯುದಿಲ್ಲ. ಲೈಫ್ ಜಾಕೆಟ್ ಇಲ್ಲದೆ ತೆಪ್ಪ, ದೋಣಿ ಹತ್ಲಿಕ್ಕೂ ಹೋಗ್ಬೇಡಿ, ಸಂಜೆ ಗಾಳಿ ಎದ್ರೆ ಆ ಅಗಲ ನೀರಲ್ಲಿ ಅಲೆ ಏಳ್ತದೆ.

ಈಗ ಹೋಗುವ ಕ್ರಮ. ಉಡುಪಿಯಿಂದ ಬೆಳಿಗ್ಗೆ ಆರಕ್ಕೆ ಹೊರಡ್ತೇವೆ, ಹೆಮ್ಮಾಡಿಯಲ್ಲಿ ಹೈವೇ ಬಿಟ್ಟು ವಂಡ್ಸೆ ಮೇಲೆ ಕೊಲ್ಲೂರು, ಅಲ್ಲಿ ಮೂಕಾಂಬಿಕೆಯ ದರ್ಶನ, ತಿಂಡಿ. ಕೊಲ್ಲೂರಿಂದ ಘಾಟಿ ಹತ್ತಿ ನಾಗೋಡಿ ದಾಟಿ ಮಾರಕುಟಿಕ ಕಡೆ ತಿರುಗಿದ್ರೆ ಸಿಗಂದೂರು, ತುಮರಿ. ನಮಗೆ ಕರಾವಳಿಯವ್ರಿಗೆ ಆ ಊರಿಗೆ ಹೋಗ್ಲಿಕ್ಕೆ ನೀರು ದಾಟ್ಲಿಕ್ಕೇ ಇಲ್ಲ, ದಾಟ್ಬೇಕಾದದ್ದು ಸಾಗರ ಕಡೆಯಿಂದ ಬರುವವ್ರು. ಪೆಟ್ರೋಲ್ ಕೆಳಗೇ ಫುಲ್ ಮಾಡ್ತೇವೆ, ನೋಟು, ಚಿಲ್ಲರೆ ಎರಡೂ ಇಟ್ಕೊಳ್ತೇವೆ, ಅತ್ತೆಯ ಬಿಪಿ ಮಾತ್ರೆ ಹತ್ತು ದಿನದ್ದು. ನೆಟ್‌ವರ್ಕ್ ಆ ಮನೆಯಲ್ಲಿ ಇಲ್ಲ, ಮೇಲೆ ಗೇರುಮರದ ಹತ್ರ ಎರಡು ಕಡ್ಡಿ ಬರ್ತದೆ, ದಿನಕ್ಕೊಮ್ಮೆ ಅಲ್ಲಿ ಹೋಗಿ ನನ್ನ ಅಮ್ಮನಿಗೆ ಫೋನ್ ಮಾಡಿ ಬರ್ತೇನೆ. ಜೂನಿಂದ ಸೆಪ್ಟೆಂಬರ್ ನಾವು ಹೋಗುದಿಲ್ಲ, ಘಾಟಿಯಲ್ಲಿ ಮರ ಬೀಳ್ತದೆ, ಮಳೆಗೆ ಆ ಮನೆಯವ್ರಿಗೂ ನೂರು ಕೆಲಸ, ನಾವು ಹೋಗಿ ಅವರ ಕೈಕಾಲಿಗೆ ಅಡ್ಡ ಆಗ್ಬಾರ್ದು.

ಕಡಿಮೆ ಅಂದ್ರೂ ನಾಲ್ಕು ರಾತ್ರಿ ಉಳೀಬೇಕು, ಇದು ನನ್ನ ಖಚಿತ ಅಭಿಪ್ರಾಯ. ಮೊದಲನೇ ದಿನ ಎಲ್ರೂ ಫೋಟೋ ತೆಗೀತಾರೆ. ಎರಡನೇ ದಿನ ಬೋರ್ ಆಗ್ತದೆ, ಮಕ್ಕಳು ಮನೆಗೆ ಹೋಗುವಾ ಅಂತಾರೆ, ಅದನ್ನು ದಾಟ್ಬೇಕು. ಮೂರನೇ ದಿನದಿಂದ ಕಿವಿ ಬೇರೆ ಆಗ್ತದೆ, ಮಂಗಟ್ಟೆ ಹಕ್ಕಿ ಮೇಲಿಂದ ಹಾರುವಾಗ ರೆಕ್ಕೆಯ ಸದ್ದು ಬುಸ್ ಬುಸ್ ಅಂತ ಕೇಳ್ತದಲ್ಲ, ಅದು ನಾವು ಬರುವ ಮೊದಲೂ ಹಾರ್ತಿತ್ತು, ನಮಗೆ ಕೇಳ್ತಾ ಇರ್ಲಿಲ್ಲ ಅಷ್ಟೆ. ಮಗಳು ಅಲ್ಲಿಯ ಅಕ್ಕನ ಜೊತೆ ಕೊಟ್ಟಿಗೆಗೆ ಹೋಗ್ತಾಳೆ, ನಮ್ಮ ಮನೆಯವ್ರು ಗಾಳ ಹಾಕಿ ಕೂರ್ತಾರೆ, ನಾನು ಆ ಮನೆಯ ಅಮ್ಮನ ಹತ್ರ ಅಡಿಗೆ ಮನೆಯಲ್ಲಿ. ಕಳಲೆಯನ್ನು ಹೆಚ್ಚಿ ನೀರಲ್ಲಿ ಹಾಕಿ ದಿನಾ ನೀರು ಬದಲಿಸ್ಬೇಕು, ಇಲ್ಲದಿದ್ರೆ ವಿಷ ಅಂತ ಹೇಳಿಕೊಟ್ಟದ್ದು ಅವ್ರೇ. ಸುತ್ತಾಟಕ್ಕೆ ಒಂದು ಸಲಕ್ಕೆ ಒಂದೇ ಜಾಗ. ಒಂದು ವರ್ಷ ಇಕ್ಕೇರಿಯ ಅಘೋರೇಶ್ವರ, ಇನ್ನೊಂದು ವರ್ಷ ನಗರ ಅನ್ನುವ ಊರಿನ ಕೋಟೆ, ನಮ್ಮ ಬಸ್ರೂರು ಮಂಗಳೂರಿನ ತನಕ ಆಳಿದ ಕೆಳದಿ ನಾಯಕರ ಕೊನೆಯ ರಾಜಧಾನಿ ಅದು, 1763ರಲ್ಲಿ ಹೈದರಾಲಿ ಹಿಡಿದದ್ದು. ಒಂದು ಕಡು ಬೇಸಗೆಯಲ್ಲಿ ಹಿರೇಭಾಸ್ಕರ ಅಣೆಕಟ್ಟು ನೋಡ್ಲಿಕ್ಕೆ ಹೋದದ್ದು. ಜೋಗದ ಮೊದಲಿನ ಕರೆಂಟ್ ಯೋಜನೆಗೆ 1940ರ ದಶಕದಲ್ಲಿ ಕಟ್ಟಿದ ಡ್ಯಾಂ, ಮಡೆನೂರು ಡ್ಯಾಂ ಅಂತಲೂ ಹೇಳ್ತಾರೆ, ಲಿಂಗನಮಕ್ಕಿ ಆದ ಮೇಲೆ ಅದೂ ಮುಳುಗಿತು, ನೀರು ತುಂಬಾ ಇಳಿದಾಗ ಅದರ ಗೋಡೆ ಮತ್ತೆ ಸೈಫನ್ನುಗಳು ಮೇಲೆ ಬರ್ತವೆ. ಅಷ್ಟು ವರ್ಷ ನೀರಲ್ಲಿದ್ದ ಗಾರೆ ಇನ್ನೂ ಗಟ್ಟಿ. ಒಂದು ಡ್ಯಾಂ ಇನ್ನೊಂದು ಡ್ಯಾಮಿನ ಹೊಟ್ಟೆಯೊಳಗೆ ನಿಂತದ್ದು ನೋಡಿದ ಮೇಲೆ ಮಗಳು ಮೂರು ದಿನ ಅದನ್ನೇ ಚಿತ್ರ ಬರೀತಾ ಇದ್ಲು.

ಉಂಬಳದ, ಅಂದ್ರೆ ಜಿಗಣೆಯ ವಿಷಯ ಎಲ್ರೂ ಕೇಳ್ತಾರೆ. ಅಕ್ಟೋಬರಲ್ಲಿ ಇರ್ತದೆ, ಬೇವಿನೆಣ್ಣೆಗೆ ಸ್ವಲ್ಪ ಉಪ್ಪು ಹಾಕಿ ಕಾಲಿಗೆ ಹಚ್ಚಿದ್ರೆ ಹತ್ತುದು ಕಡಿಮೆ, ಹತ್ತಿದ್ರೂ ಎಳೀಬೇಡಿ, ಉಪ್ಪೋ ಸುಣ್ಣವೋ ಮುಟ್ಟಿಸಿದ್ರೆ ಬಿಡ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲುದಿಲ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಅದು ಒಂದು ದ್ರವ ಬಿಡ್ತದೆ, ಗಾಬರಿ ಬೇಡ. ನಿಜವಾಗಿ ಎಚ್ಚರ ಬೇಕಾದದ್ದು ಉಣ್ಣಿಗೆ, ಮಂಗನ ಕಾಯಿಲೆ ಹರಡುದು ಅದು ಕಚ್ಚಿ. ಮಂಗನ ಕಾಯಿಲೆ 1957ರಲ್ಲಿ ಮೊದ್ಲು ಗೊತ್ತಾದದ್ದೇ ಇದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ, ಸೊರಬ ತಾಲೂಕು. 2019ರ ಹೊತ್ತಿಗೆ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಬಂದಾಗ ಜನ ತೀರಿಕೊಂಡಿದ್ದಾರೆ. ಚಳಿಗಾಲದಿಂದ ಬೇಸಗೆ ತನಕ ಅದರ ಕಾಲ, ಹಾಗಾಗಿ ಮೇಯಲ್ಲಿ ನಾವು ಬಯಲಲ್ಲಿ, ನೀರಿನ ಬದಿಯಲ್ಲಿ ನಡೀತೇವೆ, ಕಾಡೊಳಗೆ ಇಲ್ಲ. ಉಣ್ಣಿ ಹತ್ತದ ಹಾಗೆ ಆರೋಗ್ಯ ಇಲಾಖೆಯವ್ರು ಕೊಡುವ ಡೇಪಾ ಎಣ್ಣೆ ಆ ಮನೆಯಲ್ಲಿ ಇರ್ತದೆ, ಅದನ್ನು ಹಚ್ಚಿಕೊಂಡೇ ಹೊರಗೆ, ಬಂದ ಮೇಲೆ ಬಟ್ಟೆ ಬಿಸಿನೀರಿಗೆ, ಸ್ನಾನ. ಮಂಗ ಸತ್ತು ಬಿದ್ದದ್ದು ಎಲ್ಲಾದ್ರೂ ಕಂಡ್ರೆ ಹತ್ರ ಹೋಗದೆ ಊರಿನವ್ರಿಗೆ ಹೇಳಿ.

ದುಡ್ಡಿನ ವಿಷಯದಲ್ಲಿ ನಾಚಿಕೆ ಮಾಡ್ಬಾರ್ದು. ಮೊದಲನೇ ವರ್ಷ ಅವ್ರು ತೆಗೊಳ್ಲೇ ಇಲ್ಲ, ಎರಡನೇ ವರ್ಷ ನಮ್ಮ ಮನೆಯವ್ರು ಹೇಳಿದ್ರು, ನೀವು ತೆಗೊಳ್ಳದಿದ್ರೆ ನಮಗೆ ಮತ್ತೆ ಬರ್ಲಿಕ್ಕೆ ಆಗುದಿಲ್ಲ ಅಂತ. ಈಗ ಒಂದು ಲೆಕ್ಕ ಉಂಟು, ಇಬ್ರಿಗೂ ಸಮಾಧಾನ. ಅದು ಬಿಟ್ಟು ಕೊಡುದು ತರುದು ಬೇರೆ. ನಾವು ಒಣ ಸೆಟ್ಲಿ, ಮಟ್ಟುಗುಳ್ಳ, ಅಮ್ಮನಿಗೆ ಶಂಕರಪುರ ಮಲ್ಲಿಗೆ ಒಂದು ಅಟ್ಟೆ ತೆಗೊಂಡು ಹೋಗ್ತೇವೆ, ಬರುವಾಗ ಅಪ್ಪೆಮಿಡಿ, ಜೋನಿ ಬೆಲ್ಲ, ಹಲಸಿನ ಹಪ್ಪಳ. ಬಾಟ್ಲಿ, ಕುರುಕಲು ಪ್ಯಾಕೆಟ್ ಎಲ್ಲ ಒಂದು ಚೀಲಕ್ಕೆ ಹಾಕಿ ಉಡುಪಿಗೆ ವಾಪಸ್ ತರ್ತೇವೆ. ದಡದಲ್ಲಿ ಒಡೆದ ಬಿಯರ್ ಬಾಟ್ಲಿಯ ಗಾಜು ದನದ ಕಾಲಿಗೆ ಹೊಕ್ಕಿದ್ದನ್ನು ಅಕ್ಕ ಚಿಮ್ಮಟದಲ್ಲಿ ತೆಗೀತಾ ಇದ್ದದ್ದು ನೋಡಿದ್ದೇನೆ, ಗಾಜು ಹಾಕಿದವ್ರು ನಮ್ಮ ಹಾಗೆ ರಜೆಗೆ ಬಂದವ್ರೇ, ಆ ಊರಿನವ್ರಲ್ಲ.

2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯ್ತು. ಅಂಬಾರಗೋಡ್ಲಿಂದ ಕಳಸವಳ್ಳಿಗೆ, 2.44 ಕಿಲೋಮೀಟರ್, ಕೇಬಲ್ ಹಿಡಿದ ಸೇತುವೆ. ಆ ವರ್ಷ ದಸರಾ ರಜೆಗೆ ನನಗೆ ಸಮೀಕ್ಷೆಯ ಡ್ಯೂಟಿ ಬಂತು, ದೀಪಾವಳಿಗೆ ಹೋದೆವು. ಲಾಂಚ್ ಹೋಯ್ತಲ್ಲ ಅಂತ ನನಗೆ ಒಳಗೊಳಗೆ ಬೇಜಾರು ಇತ್ತು, ನಮ್ಮ ಕಥೆಯೇ ಲಾಂಚಿಂದ ಸುರು ಆದದ್ದಲ್ಲ. ಅಮ್ಮನ ಹತ್ರ ಹೇಳಿದೆ. ಅಮ್ಮ ರೊಟ್ಟಿ ತಟ್ತಾ ಇದ್ರು, ತಟ್ಟುದು ನಿಲ್ಲಿಸಿ ಹೇಳಿದ್ರು, ನಾದಿನಿಗೆ ರಾತ್ರಿ ನೋವು ಬಂದಾಗ ಆಚೆ ದಡದ ಲೈಟ್ ಕಾಣ್ತಿತ್ತು ತಂಗಿ, ಸಾಗರದ ಆಸ್ಪತ್ರೆಗೆ ಹೋಗೋಕೆ ಬೆಳಿಗ್ಗೆ ತನಕ ಕಾಯ್ದ್ವಿ, ಅಂತ. ಆ ಮಗು ಉಳೀಲಿಲ್ಲ. ನಾನು ಮತ್ತೆ ಲಾಂಚ್ ಮಾತು ಎತ್ಲಿಲ್ಲ. ಸಂಜೆ ಅಜ್ಜನನ್ನು ಕಾರಲ್ಲಿ ಕೂರಿಸಿ ಸೇತುವೆಯಲ್ಲಿ ಆಚೆ ದಡಕ್ಕೆ ಹೋಗಿ ಚಾ ಕುಡಿದು ಬಂದೆವು, ಹೋಗಿ ಬರ್ಲಿಕ್ಕೆ ಎಷ್ಟು ಹೊತ್ತು ಬೇಕಾಯ್ತು ಅಂತ ಅಜ್ಜ ಮಗಳ ಹತ್ರ ವಾಚ್ ನೋಡಿಸಿದ್ರು. ಈಗ ಜನ ಜಾಸ್ತಿ ಆಗ್ತಾರೆ, ರೆಸಾರ್ಟ್ ಬರ್ತದೆ, ಅದು ಬೇರೆ ಚಿಂತೆ, ಆದ್ರೆ ಆ ಸೇತುವೆ ಅವ್ರಿಗೆ ಅರುವತ್ತು ವರ್ಷ ತಡವಾಗಿ ಬಂದದ್ದು.

ಇನ್ನೊಂದು ಹೇಳದೆ ಬಿಟ್ರೆ ಆಗುದಿಲ್ಲ, ಭೂಮಿ ಹುಣ್ಣಿಮೆ. ಆ ಮನೆಯವ್ರು ದೀವರು, ಮಲೆನಾಡಿನ ಒಂದು ಸಮುದಾಯ. ನವರಾತ್ರಿ ಮುಗಿದು ಐದು ದಿನಕ್ಕೆ ಹುಣ್ಣಿಮೆ, ರಜೆಯೊಳಗೇ ಬಿದ್ದ ವರ್ಷ ನಾವು ಅಲ್ಲೇ ಇರ್ತೇವೆ. ಅಕ್ಕ ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ನೆನೆಸಿದ ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಚಿತ್ತಾರ ಬರೀತಾರೆ, ಬ್ರಷ್ ಅಂದ್ರೆ ಪುಂಡಿ ನಾರು, ಎರಡು ಮೂರು ಎಳೆ ಅಷ್ಟೇ. ಬರೆಯುವಾಗ ಕೈ ಬುಟ್ಟಿಗೆ ತಾಗುದಿಲ್ಲ, ನಾರು ಮಾತ್ರ ತಾಗ್ತದೆ, ಒಂದು ಗೆರೆ ಸುರು ಆದಲ್ಲಿಂದ ಮುಗಿಯುವ ತನಕ ಉಸಿರು ಹಿಡಿದ ಹಾಗೆ ಇರ್ತಾರೆ. ಭೂಮಣ್ಣಿ ಬುಟ್ಟಿ ಅಂತ ಅದಕ್ಕೆ ಹೆಸರು. ಹಿಂದಿನ ರಾತ್ರಿ ಮನೆಯ ಹೆಂಗಸರು ಮಲಗುದಿಲ್ಲ, ಕಡುಬು, ಪಾಯಸ, ಕಾಡು ಹಿತ್ತಲಿನ ನಾನಾ ಸೊಪ್ಪು ಸೇರಿಸಿದ ಹಚ್ಚಂಬಲಿ. ಬೆಳಕು ಹರಿಯುವ ಮೊದ್ಲೇ ಬುಟ್ಟಿ ಹೊತ್ಕೊಂಡು ಗದ್ದೆಗೆ. ಭತ್ತ ಹೊಡೆ ತುಂಬಿ ನಿಂತಿರ್ತದಲ್ಲ, ಭೂಮಿ ತಾಯಿ ಬಸುರಿ, ಅವಳಿಗೆ ಬಯಕೆ ಊಟ. ಹಚ್ಚಂಬಲಿ ಬೀರ್ತಾ ತಾಯಿ ಬಂದು ಉಣ್ಲಿ ಅಂತ ಕರೀತಾ ಹೋಗ್ತಾರೆ.

ನಾವು ಮೊದಲನೇ ಸಲ ನೋಡಿದ ವರ್ಷ ನೀರು 1815ರ ಮೇಲೆ ಇತ್ತು. ಅಜ್ಜ ಇದ್ದ ಗದ್ದೆಗೆಲ್ಲ ಬೀರಿ ಮುಗಿಸಿ, ಕೊನೆಯ ಬದುವಿಗೆ ಬಂದು, ಬುಟ್ಟಿಯ ತಳದಲ್ಲಿ ಉಳಿದದ್ದನ್ನು ಬೊಗಸೆಯಲ್ಲಿ ತೆಗೆದು ನೀರಿಗೆ ಬೀರಿದ್ರು. ಮೂರು ಸಲ, ಮೂರು ದಿಕ್ಕಿಗೆ. ಮೀನಿಗಾ ಅಂತ ನಾನು ಕೇಳ್ಬೇಕು ಅಂತಿದ್ದೆ, ಅಷ್ಟರಲ್ಲಿ ಮಗಳು ಹೇಳಿದ್ಲು, "ಅಮ್ಮಾ, ಅಲ್ಲಿ ಕೆಳಗೆ ಗದ್ದೆ ಉಂಟಲ್ಲ, ನಾವು ಮೇಯಲ್ಲಿ ನಡೆದದ್ದು." ಅಜ್ಜ ತಿರುಗಿ ಅವಳಿಗೆ ಬುಟ್ಟಿ ಕೊಟ್ರು, ಇನ್ನೂ ಸ್ವಲ್ಪ ಅಂಟ್ಕೊಂಡಿತ್ತು, ಅವಳು ಅದನ್ನು ಕೆರೆದು ತೆಗೆದು ಒರಳು ಇದ್ದ ಕಡೆಗೆ ಬೀರಿದ್ಲು.